ಮಹಾಲಯದ ರಾತ್ರಿ, ಒಂದು ಶಾಂಪೂ ಬಿಲ್ಲು

ರಾತ್ರಿ ಒಂಬತ್ತೂವರೆ. 2025ರ ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ. ದಾವಣಗೆರೆಯ ಒಂದು ಸೂಪರ್‌ಮಾರ್ಕೆಟ್ಟಿನ ಶಟರ್ ಅರ್ಧ ಇಳಿದಿದೆ. ತಲೆ ಬಗ್ಗಿಸಿ ಒಳಗೆ ಬನ್ನಿ. ಉರಿಯುತ್ತಿರುವುದು ಒಂದೇ ಟ್ಯೂಬ್‌ಲೈಟು. ಸೋಪಿನ ಘಮ, ಬೆಲ್ಲದ ಘಮ ಒಂದರೊಳಗೊಂದು ಬೆರೆತಿವೆ. ಹಿರಿಯರಿಗೆ ಎಡೆ ಇಟ್ಟು, ಉಂಡು, ಮಾಲೀಕರು ಈಗಷ್ಟೇ ಬಂದು ಗಲ್ಲಾದ ಪಕ್ಕ ಕೂತಿದ್ದಾರೆ. ನನ್ನ ಕುರ್ಚಿಯ ಪಕ್ಕಕ್ಕೆ ಇನ್ನೊಂದನ್ನು ಎಳೆದುಕೊಳ್ಳಿ. ಈ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವನು ನಾನು.

ಇನ್ನು ಎರಡೂವರೆ ಗಂಟೆಯಲ್ಲಿ ಜಿಎಸ್‌ಟಿ ದರಗಳು ಬದಲಾಗುತ್ತವೆ. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ತೀರ್ಮಾನಿಸಿದ್ದು, 17ಕ್ಕೆ ಅಧಿಸೂಚನೆ ಬಂದದ್ದು. ತುಪ್ಪ ಶೇಕಡಾ 12ರಿಂದ 5ಕ್ಕೆ ಇಳಿಯುತ್ತದೆ. ಬಿಸ್ಕತ್ತು, ಸೋಪು, ಶಾಂಪೂ 18ರಿಂದ 5ಕ್ಕೆ. ಪ್ಯಾಕೆಟ್ ಪನೀರಿಗೆ ತೆರಿಗೆಯೇ ಇಲ್ಲ. ನಾಳೆ ನವರಾತ್ರಿಯ ಮೊದಲ ದಿನ, ಬೆಳಿಗ್ಗೆ ಐದಕ್ಕೇ ಹಾಲು, ತುಪ್ಪಕ್ಕೆ ಜನ ಬಂದು ನಿಲ್ಲುತ್ತಾರೆ.

"ಹೋದ ಸಲದಂಗೆ ಆಗಲ್ಲ ಅಲ್ವಾ?" ಮಾಲೀಕರು ಕೇಳುತ್ತಾರೆ.

ಹೋದ ಸಲ ಎಂದರೆ 2017ರ ನವೆಂಬರ್ 15. ಅಂದು ಶಾಂಪೂ 28ರಿಂದ 18ಕ್ಕೆ ಇಳಿದಿತ್ತು. ಆಗ ನನ್ನ ಸರಕಿನ ಟೇಬಲ್‌ನಲ್ಲಿ ದರ ಎನ್ನುವ ಒಂದೇ ಒಂದು ಕಾಲಂ ಇತ್ತು. ಒಂದು ಅಪ್‌ಡೇಟ್ ಆದೇಶ ಕೊಟ್ಟೆ, ಕಣ್ಣು ಮಿಟುಕಿಸುವುದರಲ್ಲಿ ಕೆಲಸ ಮುಗಿಯಿತು. ಮರುವಾರ ಲೆಕ್ಕಪರಿಶೋಧಕರು ಅಕ್ಟೋಬರಿನ ಒಂದು ಬಿಲ್ಲನ್ನು ಮತ್ತೆ ಮುದ್ರಿಸಿಕೊಡಿ ಎಂದರು. ಹೊರಬಂದ ಹಾಳೆಯಲ್ಲಿ 18 ಇತ್ತು, ಗಿರಾಕಿಯ ಕೈಯಲ್ಲಿದ್ದ ಹಾಳೆಯಲ್ಲಿ 28. ನಾನು ದರ ಬದಲಿಸಿದ್ದೇನೆ ಎಂದುಕೊಂಡಿದ್ದೆ. ನಿಜಕ್ಕೂ ಆಗಿಹೋದ ದಿನಗಳನ್ನೇ ಅಳಿಸಿಬಿಟ್ಟಿದ್ದೆ.

ಈಗ ಪರದೆ ನೋಡಿ. ಶಾಂಪೂ ಗುಂಪಿನ ಎದುರು ಎರಡು ಸಾಲುಗಳಿವೆ. 2017ರ ಜುಲೈ 1ರಿಂದ 28. 2017ರ ನವೆಂಬರ್ 15ರಿಂದ 18. ಯಾವ ಸಾಲಿನ ದರವನ್ನೂ ನಾವು ತಿದ್ದುವುದಿಲ್ಲ. ಎರಡನೆಯದಕ್ಕೆ 'ಸೆಪ್ಟೆಂಬರ್ 22 ಮುಟ್ಟುವ ತನಕ' ಎಂದು ಕೊನೆ ಬರೆದು, ಕೆಳಗೆ ಮೂರನೆಯದನ್ನು ಸೇರಿಸುತ್ತೇವೆ. ಟೈಪ್ ಮಾಡುತ್ತೇನೆ: 5, ಸೆಪ್ಟೆಂಬರ್ 21ರಿಂದ. ಎಂಟರ್ ಒತ್ತಿದೊಡನೆ ಕೆಂಪು ಅಕ್ಷರಗಳು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಲನ್ನು ಹಿಂದಕ್ಕೆ ತಳ್ಳಿದೆ. ಬೆರಳು ತಪ್ಪಿದ್ದು ನನ್ನದೇ. ಅವಧಿಗಳು ಒಂದರ ಮೇಲೊಂದು ಬಿದ್ದರೆ ಒಪ್ಪಬೇಡ ಎಂದು ಡೇಟಾಬೇಸ್‌ನಲ್ಲೇ ಕಟ್ಟಳೆ ಹಾಕಿಟ್ಟಿದ್ದೇನೆ, ಒಂದೇ ದಿನಕ್ಕೆ ಎರಡು ದರ ಇರಲು ಬರುವುದಿಲ್ಲ. 22 ಎಂದು ತಿದ್ದುತ್ತೇನೆ. ಈ ಸಲ ಸಾಲು ಕೂತಿತು.

ಸಾಲುಗಳನ್ನು ಸರಕಿನ ವರ್ಗ ಸೂಚಿಸುವ ಎಚ್‌ಎಸ್‌ಎನ್ ಸಂಖ್ಯೆಗೆ ಕಟ್ಟದೆ ಗುಂಪಿಗೆ ಏಕೆ ಕಟ್ಟಿದೆ ಎಂದು ಕೇಳುತ್ತೀರಿ. ಕಪಾಟಿನತ್ತ ಕಣ್ಣು ಹಾಯಿಸಿ. ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಕೂದಲಿನ ಬಣ್ಣ ಮೂರೂ 3305ರ ಕೆಳಗೇ ಬರುತ್ತವೆ. ನಾಳೆ ಮೊದಲೆರಡಕ್ಕೆ 5, ಬಣ್ಣಕ್ಕೆ 18. ಆ ಮೂಲೆಯಲ್ಲಿ ತೂಗುಹಾಕಿರುವ ಸಿದ್ಧ ಉಡುಪುಗಳದು ಇನ್ನೊಂದು ಕಥೆ. ಇವತ್ತಿನವರೆಗೆ ಸಾವಿರ ರೂಪಾಯಿಯೊಳಗಿನದಕ್ಕೆ 5, ಮೇಲಿನದಕ್ಕೆ 12. ನಾಳೆಯಿಂದ ಗೆರೆ 2500ಕ್ಕೆ ಸರಿಯುತ್ತದೆ, ಅದರ ಮೇಲಿನದಕ್ಕೆ 18. ಹಾಗಾಗಿ ನನ್ನ ತೆರಿಗೆ ಕಾಂಪೊನೆಂಟಿಗೆ ಕೊಡಬೇಕಾದದ್ದು ಮೂರೇ ಸಂಗತಿ: ಯಾವ ಗುಂಪು, ಯಾವ ದಿನ, ಎಷ್ಟು ಬೆಲೆ. ಅದು ತಿರುಗಿ ಕೊಡುವುದು ಒಂದೇ, ದರ. ಒಳಗೆ ಟೇಬಲ್ ಎಷ್ಟಿವೆ, ಕಾಲಂ ಯಾವುವು ಎಂಬುದು ಬಿಲ್ಲಿಂಗ್ ಪರದೆಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ.

ಈ ಬುದ್ಧಿ ನನ್ನದಲ್ಲ. ಮಾಹಿತಿ ಯಂತ್ರದೊಳಗೆ ಹೇಗೆ ಜೋಡಣೆಗೊಂಡಿದೆ ಎಂಬ ಚಿಂತೆ ಬಳಸುವವರಿಗೆ ತಟ್ಟಬಾರದು ಎಂದು 1970ರಲ್ಲೇ ಐಬಿಎಂನ ಎಡ್ಗರ್ ಕಾಡ್ ಒಂದು ಪ್ರಬಂಧದಲ್ಲಿ ಹೇಳಿದ್ದರು. ಇಂದಿನ ರಿಲೇಶನಲ್ ಡೇಟಾಬೇಸ್‌ಗಳೆಲ್ಲ ಹುಟ್ಟಿದ್ದು ಆ ಪ್ರಬಂಧದಿಂದ. 1972ರಲ್ಲಿ ಡೇವಿಡ್ ಪಾರ್ನಾಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕೆಲಸದ ಹಂತಗಳಂತೆ ಪ್ರೋಗ್ರಾಮನ್ನು ತುಂಡು ಮಾಡಬೇಡಿ. ಮುಂದೆ ಯಾವ ನಿರ್ಧಾರಗಳು ಬದಲಾದಾವು ಎಂದು ಮೊದಲು ಪಟ್ಟಿ ಮಾಡಿ, ಒಂದೊಂದನ್ನೂ ಒಂದೊಂದು ಘಟಕದೊಳಗೆ ಮುಚ್ಚಿಡಿ ಎಂಬುದು ಅವರ ವಾದದ ತಿರುಳು. ನಾಳೆಯಿಂದ ಜಾರಿಯಾಗುವ 40 ಎಂಬ ಹೊಸ ದರ ಬರುತ್ತದೆಂದು 2017ರಲ್ಲಿ ನನಗೆ ಕನಸು ಬಿದ್ದಿರಲಿಲ್ಲ. ಬದಲಾವಣೆ ಏನೆಂದು ಊಹಿಸುವ ಶಕ್ತಿ ಬೇಕಿಲ್ಲ. ಅದು ಬಂದಾಗ ಯಾವ ಬಾಗಿಲು ತಟ್ಟಬೇಕೆಂದು ನಿಗದಿಯಾಗಿದ್ದರೆ ಸಾಕು.

ಹತ್ತೂಮುಕ್ಕಾಲು. ನಾಳೆಯನ್ನು ಇವತ್ತೇ ನೋಡೋಣ. ಕಾಂಪೊನೆಂಟಿನ ಒಳಗೆ ಗಡಿಯಾರ ಇಟ್ಟಿಲ್ಲ, ದಿನಾಂಕವನ್ನು ಹೊರಗಿನಿಂದ ನಾವೇ ಕೊಡಬೇಕು. 22 ಎಂದು ಕೊಡುತ್ತೇನೆ, ಶಾಂಪೂಗೆ 5 ಬಂತು. 21 ಎಂದರೆ 18. 2017ರ ಅಕ್ಟೋಬರ್ ಎಂದರೆ 28. ಮೂರು ಕಾಲಗಳೂ ಜಗಳವಿಲ್ಲದೆ ಒಂದೇ ಟೇಬಲ್‌ನಲ್ಲಿವೆ. ಮಾಲೀಕರು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾರೆ.

ಹನ್ನೆರಡು ದಾಟಿ ಐದು ನಿಮಿಷ. ಕೌಂಟರಿನಲ್ಲಿ ಒಂದು ಪರೀಕ್ಷಾ ಬಿಲ್ಲು: 5. ಸರಿ. ಈಗ ಮನೆಗೆ ತಲುಪಿಸುವ ಆರ್ಡರಿನ ಪರದೆ, ಕಳೆದ ವರ್ಷ ಅವಸರದಲ್ಲಿ ಸೇರಿಸಿದ್ದು. ಅದೇ ಶಾಂಪೂ, ಅದೇ ಬಾಟಲಿ. ಬಿಲ್ಲಿನ ಮೇಲೆ 18.

ಮಾಲೀಕರ ಲೋಟ ಬಾಯಿಯ ಹತ್ತಿರವೇ ನಿಂತಿದೆ. ಕೋಡ್ ತೆರೆಯುತ್ತೇನೆ. ಒಂದೊಂದೇ ಸಾಲು ಇಳಿಯುತ್ತಾ ಹೋಗಿ, ಇಗೋ ಇಲ್ಲಿ. ಉಳಿದ ಪರದೆಗಳೆಲ್ಲ ಅಂಗಡಿಯ ದಿನಾಂಕವನ್ನು ಕೊಟ್ಟು ದರ ಕೇಳುತ್ತವೆ. ಇದೊಂದು ಮಾತ್ರ ಕಾಂಪೊನೆಂಟನ್ನು ಬಳಸದೆ ನೇರವಾಗಿ ಟೇಬಲ್‌ಗೆ ಕೈ ಹಾಕಿದೆ, ದಿನಾಂಕವನ್ನೂ ಡೇಟಾಬೇಸನ್ನೇ ಕೇಳಿದೆ. ಡೇಟಾಬೇಸ್ ಇರುವುದು ಬಾಡಿಗೆಯ ಸರ್ವರ್‌ನಲ್ಲಿ, ಅದರ ಗಡಿಯಾರ ನಡೆಯುವುದು ಯುಟಿಸಿ ಕಾಲದಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ದಾವಣಗೆರೆಯಲ್ಲಿ ನವರಾತ್ರಿ ಶುರುವಾಗಿದೆ, ಆ ಸರ್ವರ್‌ಗೆ ಇನ್ನೂ 21ರ ಸಂಜೆ ಆರೂವರೆ. ಬೆಳಿಗ್ಗೆ ಐದೂವರೆಯ ತನಕ ಬಂದ ಆರ್ಡರುಗಳಿಗೆಲ್ಲ ಹಳೆಯ ತೆರಿಗೆ ಬೀಳುತ್ತಿತ್ತು.

ಬಾಗಿಲಿನಿಂದ ಬಂದವರೆಲ್ಲ ಸರಿದಾರಿಯಲ್ಲಿದ್ದಾರೆ, ಗೋಡೆ ಹಾರಿದ್ದು ಇದೊಂದೇ. ಹಾರಲು ಬಿಟ್ಟವನು ನಾನು. ನೇರವಾಗಿ ಕೈ ಹಾಕಿದ ಆ ಏಳು ಸಾಲು ಕೋಡನ್ನು ಅಳಿಸುತ್ತೇನೆ. ಆ ಜಾಗದಲ್ಲಿ ಒಂದೇ ಸಾಲು: ತೆರಿಗೆ ಕಾಂಪೊನೆಂಟನ್ನು ಕೇಳು, ಭಾರತದ ದಿನಾಂಕ ಕೊಟ್ಟು ಕೇಳು. ಇಷ್ಟಕ್ಕೇ ಬಿಟ್ಟರೆ ಮುಂದಿನ ಅವಸರದಲ್ಲಿ ಇನ್ಯಾರೋ ಹಾರುತ್ತಾರೆ. ಅದಕ್ಕೆ ದರದ ಟೇಬಲ್ ಓದುವ ಅನುಮತಿಯನ್ನು ಉಳಿದ ಎಲ್ಲ ಬಳಕೆದಾರರಿಂದ ಕಿತ್ತುಕೊಳ್ಳುತ್ತೇನೆ. ಇನ್ನು ಆ ಟೇಬಲ್ ಕಾಂಪೊನೆಂಟಿಗೆ ಮಾತ್ರ ಕಾಣುತ್ತದೆ. ಮತ್ತೆ ಆರ್ಡರ್ ಹಾಕಿ ಎನ್ನುತ್ತೇನೆ. ನೀವೇ ಒತ್ತುತ್ತೀರಿ. 5. ಮಾಲೀಕರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಶಟರ್ ಎಳೆಯಲು ಏಳುತ್ತಾರೆ.

ಬೆಳಿಗ್ಗೆ ಹತ್ತಕ್ಕೆ ಮತ್ತೆ ಬನ್ನಿ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದಾರೆ, ಕೌಂಟರ್ ಮುಂದೆ ಸಾಲು. ಪಾರ್ಲರ್ ನಡೆಸುವ ಹೆಂಗಸೊಬ್ಬರು ಶನಿವಾರ ಒಯ್ದಿದ್ದ ಶಾಂಪೂ ಪೆಟ್ಟಿಗೆಯನ್ನು ಹಿಂದಕ್ಕೆ ತಂದಿದ್ದಾರೆ. ಮುಚ್ಚಳ ಸೋರಿ ರಟ್ಟೆಲ್ಲ ಒದ್ದೆ. ಕೌಂಟರಿನ ಹುಡುಗ ಹಳೆಯ ಬಿಲ್ಲಿನ ಸಂಖ್ಯೆ ಒತ್ತುತ್ತಾನೆ. ಮಾರಿದ ದಿನದ ದರವನ್ನು ಬಿಲ್ಲಿನ ಪ್ರತಿ ಸಾಲಿನಲ್ಲೂ ಬರೆದಿಟ್ಟಿರುವುದರಿಂದ ಅವನು ಯಾರನ್ನೂ ಕೇಳಬೇಕಿಲ್ಲ. ಮುದ್ರಕ ಎರಡು ಹಾಳೆ ಉಗುಳುತ್ತದೆ. ವಾಪಸಾದ ಪೆಟ್ಟಿಗೆಯ ಕ್ರೆಡಿಟ್ ನೋಟಿನಲ್ಲಿ 18, ಹೊಸ ಪೆಟ್ಟಿಗೆಯ ಬಿಲ್ಲಿನಲ್ಲಿ 5. ಆಕೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಲೆಕ್ಕ ಸರಿಯಿದೆ ಎಂದು ತಲೆಯಾಡಿಸಿ, ಮಡಚಿ ಪರ್ಸಿಗೆ ಹಾಕಿಕೊಳ್ಳುತ್ತಾರೆ.