ಮೆಂಬರುಗಳು ಬೇಕಾಗಿದ್ದಾರೆ

ನನ್ನ ಫೋಟೋ ಪೇಪರಿನಲ್ಲಿ ಬಂದದ್ದು ಇಷ್ಟು ವರ್ಷಕ್ಕೆ ಒಂದೇ ಸಲ. ಆಗ ನಾನು ಏಳನೇ ಕ್ಲಾಸು. ನಮ್ಮೂರಿನ ಕನ್ನಡ ಶಾಲೆಗೆ ಪೇಟೆಯ ಒಂದು ಸೇವಾ ಕ್ಲಬ್ಬಿನವರು ನೋಟ್‌ಬುಕ್ ಹಂಚಲು ಬಂದಿದ್ದರು. ಹತ್ತು ಗಂಟೆಗೆ ಬರುತ್ತೇವೆ ಅಂದವರು ಬಂದದ್ದು ಹನ್ನೆರಡೂವರೆಗೆ. ಅಲ್ಲಿಯ ತನಕ ಧ್ವಜಸ್ತಂಭದ ಹತ್ತಿರ ಬಿಸಿಲಲ್ಲಿ ನಮ್ಮ ಸಾಲು. ಆಮೇಲೆ ಹಾರ, ಭಾಷಣ, ಮತ್ತೆ ಹಾರ. ನನ್ನ ಸರದಿ ಬಂದಾಗ ನೋಟ್‌ಬುಕ್ಕಿನ ಕಟ್ಟಿಗೆ ಆ ಕಡೆಯಿಂದ ಆರು ಕೈ, ಈ ಕಡೆಯಿಂದ ನನ್ನವು ಎರಡು. ಫೋಟೋದವನು ‘ಇನ್ನೊಂದ್ಸಲ ಸಾರ್’ ಅಂದ. ಕೊಟ್ಟದ್ದನ್ನು ವಾಪಸು ತಗೊಂಡು ಮತ್ತೆ ಕೊಟ್ಟರು.

ಮಾರನೇ ದಿನ ಪೇಪರಿನಲ್ಲಿ ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಕೆಳಗೆ ‘ಬಡ ವಿದ್ಯಾರ್ಥಿಗಳಿಗೆ ಪುಸ್ತಕ ವಿತರಣೆ’ ಎಂದು ಅಚ್ಚಾಗಿತ್ತು. ನಮ್ಮಪ್ಪ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಅದನ್ನು ನೋಡಿದರಂತೆ. ಮನೆಗೆ ಬಂದು ಏನೂ ಅನ್ನಲಿಲ್ಲ. ಸಂಜೆ ಅಂಗಡಿಯಿಂದ ಆರು ಹೊಸ ನೋಟ್‌ಬುಕ್ ತಂದು ನನ್ನ ಚೀಲದ ಪಕ್ಕ ಇಟ್ಟರು. ಕ್ಲಬ್ಬಿನ ಮುದ್ರೆಯಿದ್ದವುಗಳನ್ನು ಅಮ್ಮ ಹಾಲಿನ ಲೆಕ್ಕ ಬರೆಯಲು ಇಟ್ಟುಕೊಂಡಳು. ವಿದ್ಯೆಯನ್ನು ಬಿಸಾಕಬಾರದಲ್ಲ!

ಈ ಹಳೇ ಕತೆ ಈಗ ಯಾಕೆಂದರೆ, ಹೋದ ವರ್ಷ ನಮ್ಮ ಕಾಲೇಜಿನ ಸೇವಾ ಕ್ಲಬ್ಬಿನಲ್ಲಿ ನನಗೊಂದು ಹುದ್ದೆ ಸಿಕ್ಕಿತು. ‘ಸದಸ್ಯತ್ವ ಮತ್ತು ಪಬ್ಲಿಕ್ ಇಮೇಜ್’ ನನ್ನ ಖಾತೆ. ಯಾವ ಕ್ಲಬ್ಬು ಅಂತ ಹೆಸರು ಬೇಡ, ಗೊತ್ತಿದ್ದವರಿಗೆ ಗೊತ್ತು. ನಾನು ಸೇರಿದ್ದೇನೂ ಲೋಕಸೇವೆಗೆ ಅಲ್ಲ, ಇಂಟರ್‌ವ್ಯೂನಲ್ಲಿ ತೋರಿಸಲು ಒಂದು ಸರ್ಟಿಫಿಕೇಟು ಸಿಗಲಿ ಎಂದು. ರಿಜಿಸ್ಟರಿನಲ್ಲಿ ನಮ್ಮ ಸಂಖ್ಯೆ 62, ಮೀಟಿಂಗಿಗೆ ಬರುವವರು 11, ಟೀ ಲೆಕ್ಕ 14. ಕಾಮರ್ಸಿನವನಿಗೆ ಇಂಥವು ಕಣ್ಣಿಗೆ ಬೀಳುತ್ತವೆ. ಮೀಟಿಂಗು ಪೂರ್ತಿ ಇಂಗ್ಲಿಷಿನಲ್ಲಿ. ಹೇಳಬೇಕಾದ್ದನ್ನು ನಾನು ಒಳಗೊಳಗೇ ಕನ್ನಡದಿಂದ ಇಂಗ್ಲಿಷಿಗೆ ತರುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ. ಹಾಗಾಗಿ ಒಂದು ವರ್ಷ ನಾನು ತಲೆಯಾಡಿಸಿದ್ದೇ ಹೆಚ್ಚು. ಏಪ್ರಿಲ್ ಮೀಟಿಂಗಿನಲ್ಲಿ ಅಧ್ಯಕ್ಷರು ನಲವತ್ತು ಅರ್ಜಿ ಫಾರಮ್ಮು ನನ್ನ ಕೈಗೆ ಕೊಟ್ಟು, ರಜೆ ಮುಗಿಯುವುದರೊಳಗೆ ತುಂಬಿಸು ಅಂದರು. ಅದಕ್ಕೂ ತಲೆಯಾಡಿಸಿದೆ.

ಆ ಫಾರಮ್ಮುಗಳನ್ನು ಚೀಲದಲ್ಲಿಟ್ಟುಕೊಂಡೇ ನಾನು ಕಲ್ಕತ್ತೆಯ ರೈಲು ಹತ್ತಿದ್ದು. ನಮ್ಮ ಚಿಕ್ಕಪ್ಪ ಅಲ್ಲಿ ರೈಲ್ವೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾರೆ. ಕೆಲಸ ಸಿಕ್ಕಿದ್ದೂ ಅಲ್ಲಿ, ಮದುವೆಯಾದದ್ದೂ ಅಲ್ಲಿಯವರನ್ನೇ. ಮನೆ ಲೇಕ್ ಮಾರ್ಕೆಟ್ಟಿನ ಹತ್ತಿರ. ಬಾಳೆಎಲೆ, ಕರಿಬೇವು, ಫಿಲ್ಟರ್ ಕಾಫಿಪುಡಿ ಎಲ್ಲ ಸಿಗುವ ಜಾಗ. ದಕ್ಷಿಣದವರು ಕಲ್ಕತ್ತೆಯಲ್ಲಿ ತಳ ಊರಿದ್ದು ಹೆಚ್ಚಾಗಿ ಈ ಸುತ್ತಿನಲ್ಲೇ. ಚಿಕ್ಕಪ್ಪನಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ಬಲಗಾಲು ಹೋಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಪೋಲಿಯೋ. ಕಬ್ಬಿಣದ ಕ್ಯಾಲಿಪರ್ ಹಾಕಿಕೊಂಡೇ ನಡೆಯುತ್ತಾರೆ. ಅವರು ಮೆಟ್ಟಿಲು ಹತ್ತುವ ಟಕ್ ಟಕ್ ಸದ್ದು ಮನೆಗೆ ಕಾಲಿಂಗ್ ಬೆಲ್ ಇದ್ದ ಹಾಗೆ.

ಮೊದಲ ದಿನವೇ ನನ್ನ ಫಾರಮ್ಮಿನ ಕಷ್ಟ ಹೇಳಿಕೊಂಡೆ. ಚಿಕ್ಕಪ್ಪ ನಕ್ಕರು. ‘ಸರಿಯಾದ ಊರಿಗೇ ಬಂದಿದೀಯ ಕಣೋ. ಇಂಡಿಯಾದಲ್ಲಿ ರೋಟರಿ ಶುರುವಾಗಿದ್ದೇ ಇಲ್ಲಿ’ ಅಂದರು. ಹೌದು, ಆಮೇಲೆ ಓದಿ ತಿಳಿದೆ. 1905ರಲ್ಲಿ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಕಟ್ಟಿದ ಈ ಸಂಸ್ಥೆಯ ಭಾರತದ ಮೊದಲ ಕ್ಲಬ್ಬು ಹುಟ್ಟಿದ್ದು 1919ರಲ್ಲಿ, ಕಲ್ಕತ್ತೆಯಲ್ಲಿ. 1962-63ರಲ್ಲಿ ಇಡೀ ಜಗತ್ತಿನ ರೋಟರಿಗೆ ಅಧ್ಯಕ್ಷರಾದ ಮೊದಲ ಏಷ್ಯದವರು ನಿತೀಶ್ ಲಾಹಿರಿ ಈ ಊರಿನವರೇ. 2021-22ರಲ್ಲಿ ಮತ್ತೆ ಕಲ್ಕತ್ತೆಯವರೇ ಆದ ಶೇಖರ್ ಮೆಹ್ತಾ ಆ ಕುರ್ಚಿಗೆ ಬಂದರು. ಸದಸ್ಯರ ಸಂಖ್ಯೆ ಎರಡು ದಶಕದಿಂದ 12 ಲಕ್ಷದ ಸುತ್ತಲೇ ನಿಂತುಬಿಟ್ಟಿದೆ, ಪ್ರತಿಯೊಬ್ಬರೂ ಒಬ್ಬರನ್ನು ಕರೆತನ್ನಿ ಎಂದು ಅವರೇ ಕರೆ ಕೊಟ್ಟಿದ್ದರು. ಅಂದರೆ ನಮ್ಮ ಹನ್ನೊಂದು ಜನದ ಸಂಕಟವೂ ಜಾಗತಿಕ ಸಂಕಟವೇ! ಇದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಆದರೆ ನಾನು ಹೇಳಹೊರಟಿದ್ದು ರೋಟರಿಯ ವಿಷಯವಲ್ಲ. ಚಿಕ್ಕಪ್ಪನ ಬೀದಿಯ ಮೂಲೆಯಲ್ಲಿ ಒಂದು ಕೋಣೆ ಇದೆ. ಒಂದು ಕ್ಯಾರಂ ಬೋರ್ಡು, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ವಿವೇಕಾನಂದರು ಮತ್ತು ನೇತಾಜಿ. ಅದು ಪಾಡಾ ಕ್ಲಬ್ಬು. ಪಾಡಾ ಎಂದರೆ ನಮ್ಮ ಕೇರಿ ಇದ್ದ ಹಾಗೆ. ಕಲ್ಕತ್ತೆಯಲ್ಲಿ ಕೇರಿಗೊಂದು ಕ್ಲಬ್ಬು. ದುರ್ಗಾಪೂಜೆಯ ಪೆಂಡಾಲು ಹಾಕುವವರು ಇವರೇ, ಫುಟ್‌ಬಾಲ್ ಆಡಿಸುವವರು ಇವರೇ, ರಾತ್ರಿ ಎರಡು ಗಂಟೆಗೆ ಯಾರಿಗೋ ಎದೆನೋವು ಬಂದರೆ ಕೆಳಗಿಳಿಸಿ ಆಸ್ಪತ್ರೆಗೆ ಒಯ್ಯುವವರೂ ಇವರೇ. ಕಲ್ಕತ್ತೆಯ ದುರ್ಗಾಪೂಜೆಯನ್ನು 2021ರ ಡಿಸೆಂಬರಿನಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತಲ್ಲ, ಅದರ ಹಿಂದೆ ಇರುವುದು ಇಂಥ ಕೋಣೆಗಳು.

ನಾನು ಹೋದ ವಾರವೇ ಅಲ್ಲಿ ರಕ್ತದಾನ ಶಿಬಿರ. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ, ಜನ ಹೊರಗೆ ಬರುವುದಿಲ್ಲ, ರಕ್ತನಿಧಿಗಳು ಖಾಲಿಯಾಗುತ್ತವೆ. ಪ್ಲೇಟ್‌ಲೆಟ್ಟನ್ನಂತೂ ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ. ಆದ್ದರಿಂದ ಪಾಡಾ ಕ್ಲಬ್ಬುಗಳು ಮೇ ಜೂನಿನಲ್ಲಿ ಶಿಬಿರ ಇಟ್ಟುಕೊಳ್ಳುತ್ತವೆ. ನಾನು ನೋಡಲು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಬನಿಯನ್ನಿನಲ್ಲಿದ್ದ ಒಬ್ಬ ದಪ್ಪ ಮನುಷ್ಯ ಬಂಗಾಳಿಯಲ್ಲಿ ಏನೋ ಅಂದು ನನ್ನ ಕೈಗೆ ಎರಡು ಕುರ್ಚಿ ಕೊಟ್ಟ. ಎಲ್ಲಿಡಬೇಕು ಅಂತ ಕೈಯಲ್ಲೇ ತೋರಿಸಿದ. ಆಮೇಲೆ ಬಾಳೆಹಣ್ಣಿನ ಗೊನೆ. ಆಮೇಲೆ ನಿಂಬೆ ಶರಬತ್ತಿನ ಬಕೆಟ್ಟು. ಒಳಗೆ ನಮ್ಮ ಚಿಕ್ಕಮ್ಮ ಮತ್ತೆ ನಾಲ್ಕು ಜನ ಹೆಂಗಸರು ಮೊಟ್ಟೆ ಸುಲಿಯುತ್ತಿದ್ದರು. ಯಾರೂ ನನ್ನ ಹೆಸರು ಕೇಳಲಿಲ್ಲ, ಮೆಂಬರಾ ಅಂತ ಕೇಳಲಿಲ್ಲ. ಮಧ್ಯಾಹ್ನ ನಾನೂ ಮಂಚದ ಮೇಲೆ ಮಲಗಿ ಮೊದಲ ಸಲ ರಕ್ತ ಕೊಟ್ಟೆ, ಎದ್ದು ಮತ್ತೆ ಶರಬತ್ತಿನ ಬಕೆಟ್ಟಿಗೇ ಹೋಗಿ ನಿಂತೆ. ಸಂಜೆಗೆ ನನಗೆ ‘ಕರ್ನಾಟಕ’ ಅಂತ ಹೆಸರಾಗಿತ್ತು. ಕುರ್ಚಿ ಎತ್ತಿಟ್ಟು ಹೊರಟಾಗ ಆ ದಪ್ಪ ಮನುಷ್ಯ ‘ಕಾಲ್ ಆಶ್ಬಿ ತೋ?’ ಅಂದ. ಚಿಕ್ಕಪ್ಪ ಅರ್ಥ ಹೇಳಿದರು, ‘ನಾಳೆ ಬರ್ತೀಯ ತಾನೆ?’ ಅಂತ.

ನಮ್ಮ ಕ್ಲಬ್ಬಿನಲ್ಲಿ ಒಂದು ವರ್ಷದಲ್ಲಿ ನನ್ನನ್ನು ಯಾರೂ ಈ ಮಾತು ಕೇಳಿರಲಿಲ್ಲ.

ಪಾಡಾ ಕ್ಲಬ್ಬುಗಳನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಪೂಜೆಗೆ ಚಂದಾ ಕೊಡದಿದ್ದರೆ ಮುಖ ಗಂಟಿಕ್ಕುತ್ತಾರೆ, ಕೆಲವು ಕಡೆ ಜೋರೂ ಮಾಡುತ್ತಾರೆ. ರಕ್ತ ಕೊಟ್ಟವರಿಗೆ ಪಾತ್ರೆ, ಬ್ಯಾಗು ಅಂತ ಉಡುಗೊರೆ ಕೊಟ್ಟು ದಾನವನ್ನೇ ಕೆಡಿಸುವ ಕ್ಲಬ್ಬುಗಳಿವೆ. ರಾಜಕೀಯವಂತೂ ಬಾಗಿಲಲ್ಲೇ ಕೂತಿರುತ್ತದೆ. ರಾಜ್ಯ ಸರ್ಕಾರ ಪೂಜಾ ಸಮಿತಿಗಳಿಗೆ 2018ರಲ್ಲಿ ತಲಾ 10,000 ರೂಪಾಯಿ ಕೊಡಲು ಶುರುಮಾಡಿದ್ದು 2024ಕ್ಕೆ 85,000 ಆಗಿತ್ತು. ಇಷ್ಟು ದುಡ್ಡು ಸುಮ್ಮನೆ ಯಾರು ಕೊಡುತ್ತಾರೆ? ಇದೆಲ್ಲ ಚಿಕ್ಕಮ್ಮನೇ ಹೇಳಿದ್ದು. ಹೇಳುತ್ತಲೇ ಮರುದಿನ ಬೆಳಿಗ್ಗೆ ಕ್ಲಬ್ಬಿನ ಪಾತ್ರೆ ತೊಳೆಯಲು ಹೋದಳು.

ಒಂದು ಭಾನುವಾರ ಚಿಕ್ಕಪ್ಪನ ಜೊತೆ ದೋಣಿಯಲ್ಲಿ ಹೂಗ್ಲಿ ದಾಟಿ ಹೌರಾ ಕಡೆಗೆ ಹೋದೆವು. ನೀರಿನ ಮಧ್ಯೆ ಅವರು ಆಚೆ ದಡ ತೋರಿಸಿ, ‘ದೇಶದ ಕೊನೇ ಪೋಲಿಯೋ ಕೇಸು ಈ ಜಿಲ್ಲೇದೇ, ಗೊತ್ತಾ?’ ಅಂದರು. ನನಗೆ ಗೊತ್ತಿರಲಿಲ್ಲ. ಹೌರಾ ಜಿಲ್ಲೆಯ ಒಂದು ಹೆಣ್ಣುಮಗು, 2011ರ ಜನವರಿ. ಅವಳಿಗೆ ಹನಿ ಹಾಕಿಸಿರಲಿಲ್ಲ. ಅದಾದ ಮೇಲೆ ಮೂರು ವರ್ಷ ಒಂದೂ ಬರಲಿಲ್ಲವಾಗಿ 2014ರ ಮಾರ್ಚಿ 27ರಂದು ಭಾರತ ಪೋಲಿಯೋಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು.

‘ಆ ದಿನ ನಾನು ಆಫೀಸಿಗೆ ರಸಗುಲ್ಲ ತಗೊಂಡು ಹೋಗಿದ್ದೆ. ಯಾಕೆ ಅಂತ ಯಾರಿಗೂ ಹೇಳ್ಲಿಲ್ಲ’ ಅಂದರು ಚಿಕ್ಕಪ್ಪ.

ಆಮೇಲೆ ಒಂದೊಂದಾಗಿ ಹೊರಬಂತು. ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ಇವರು ಎಷ್ಟೋ ವರ್ಷ ಬೂತಿನಲ್ಲಿ ಕೂತಿದ್ದರಂತೆ. ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ ಎಂಬ ಗಾಳಿಮಾತು ಆಗ ಜೋರಾಗಿತ್ತು. ಕೆಲವು ತಾಯಂದಿರು ಮಗುವನ್ನು ಎತ್ತಿಕೊಂಡು ದೂರ ನಿಲ್ಲುತ್ತಿದ್ದರು. ಚಿಕ್ಕಪ್ಪ ಭಾಷಣ ಮಾಡುತ್ತಿರಲಿಲ್ಲ. ಪ್ಯಾಂಟಿನ ಬಲಗಾಲು ಮಂಡಿಯ ತನಕ ಮಡಚಿ, ಕಬ್ಬಿಣ ಕಾಣುವ ಹಾಗೆ ಕಾಲು ಮುಂದಕ್ಕೆ ಚಾಚಿ ಕೂರುತ್ತಿದ್ದರು. ‘ನನ್ನ ಕಾಲೇ ನಮ್ಮ ಬೂತಿನ ಬೋರ್ಡು ಕಣೋ’ ಅಂದರು. ಮದುವೆ ಮನೆಯ ಫೋಟೋಗಳಲ್ಲೆಲ್ಲ ಈ ಮನುಷ್ಯ ಆ ಕಾಲನ್ನು ಯಾರದಾದರೂ ಹಿಂದೆ ಅಡಗಿಸಿಟ್ಟುಕೊಂಡಿದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ನಾನು ಸುಮ್ಮನಿದ್ದೆ. ಆಮೇಲೆ ನನ್ನ ಫೋಟೋದ ಕತೆ ಅವರಿಗೆ ಹೇಳಿದೆ. ಆ ಸಿಟ್ಟಿನಲ್ಲೇ, ಈ ಕ್ಲಬ್ಬಿನವರೆಲ್ಲ ಕೋಟು ಹಾಕಿಕೊಂಡು ಊಟ ಮಾಡುವವರು ಅಂತಲೂ ಅಂದೆ. ಚಿಕ್ಕಪ್ಪ ಒಪ್ಪಲಿಲ್ಲ. ‘ಬೂತಿಗೆ ಅವರೂ ಬರ್ತಿದ್ರು ಕಣೋ. ಬೆಳಿಗ್ಗೆ ಏಳಕ್ಕೆ ಐಸ್ ಡಬ್ಬಿ ಹೊತ್ಕೊಂಡು ಬರೋರು. ಕೋಟು ಗೀಟು ಏನಿಲ್ಲ. ಪೋಲಿಯೋಗೆ ಅಂತ ರೋಟರಿಯವರು ಜಗತ್ತೆಲ್ಲ ದುಡ್ಡೆತ್ತೋಕೆ ನಿಂತಿದ್ದು 1985ರಲ್ಲಿ. ಅದು ನಿಮ್ಮ ಊರಲ್ಲಿ ಯಾರಿಗೆ ಗೊತ್ತು? ಹಾರ ಹಾಕಿಸ್ಕೊಂಡಿದ್ದು ಮಾತ್ರ ಗೊತ್ತು. ಅವರು ತೋರಿಸ್ಕೊಂಡಿದ್ದೂ ಅದನ್ನೇ’ ಅಂದರು. ಪಬ್ಲಿಕ್ ಇಮೇಜಿನ ಖಾತೆ ಹಿಡಿದಿದ್ದ ನನಗೆ ಇದನ್ನು ಹೇಳಲು ಯಾವ ಕ್ಲಬ್ಬಿನ ಮೆಂಬರೂ ಅಲ್ಲದ ರೈಲ್ವೆ ಗುಮಾಸ್ತರು ಬೇಕಾಯಿತು.

ಕಲ್ಕತ್ತೆಗೆ ಈ ಪಾಠ ಹಳೆಯದು. 1899ರಲ್ಲಿ ಅಲ್ಲಿ ಪ್ಲೇಗು ಹಬ್ಬಿದಾಗ ಬಾಗ್‌ಬಜಾರಿನ ಗಲ್ಲಿಗಳನ್ನು ಗುಡಿಸಲು ಜನ ಸಿಗದೆ, ಸೋದರಿ ನಿವೇದಿತಾ ತಾವೇ ಪೊರಕೆ ಹಿಡಿದು ಬೀದಿಗೆ ಇಳಿದರಂತೆ. ಬಿಳಿಯ ಹೆಂಗಸೊಬ್ಬಳು ತಮ್ಮ ಗಲ್ಲಿ ಗುಡಿಸುವುದನ್ನು ನೋಡಿದ ಕೇರಿಯ ಹುಡುಗರು ನಾಚಿಕೊಂಡು ಬಂದು ತಾವೂ ಕೈ ಹಾಕಿದರಂತೆ. ಅವರಲ್ಲಿ ಯಾರಿಂದಲೂ ಫಾರಮ್ಮು ತುಂಬಿಸಿರಲಾರರು.

ಜೂನಿನಲ್ಲಿ ನಲವತ್ತು ಫಾರಮ್ಮನ್ನೂ ಖಾಲಿಯಾಗಿಯೇ ಅಧ್ಯಕ್ಷರ ಮುಂದಿಟ್ಟೆ. ಆ ದಿನ ಎದ್ದುನಿಂತು ಕನ್ನಡದಲ್ಲೇ ಮಾತಾಡಿದೆ. ಕಾಲು ನಡುಗಿದ್ದು ನಿಜ. ಕೊಡುವಾಗ ಫೋಟೋ ಬೇಡ, ಮೀಟಿಂಗು ಕನ್ನಡದಲ್ಲಿ ಆಗಲಿ, ವಾರಕ್ಕೊಂದು ಸಲ ಮಾಡುವ ಒಂದು ಸಣ್ಣ ಕೆಲಸ ಇರಲಿ ಅಂದೆ. ಫೋಟೋ ಇಲ್ಲದಿದ್ದರೆ ಮೇಲಿನವರಿಗೆ ರಿಪೋರ್ಟು ಹೇಗೆ ಕಳಿಸೋದು ಅಂತ ಕಾರ್ಯದರ್ಶಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ, ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾನರು ಇರಲೇಬೇಕು ಅಂತ ತೀರ್ಮಾನವಾಯಿತು. ಕನ್ನಡದ ವಿಷಯ ‘ಮುಂದೆ ನೋಡೋಣ’. ಸಣ್ಣ ಕೆಲಸ ಮಾತ್ರ ಒಂದು ತಿಂಗಳು ಮಾಡಿನೋಡು ಅಂತ ಬಿಟ್ಟರು.

ಮಾಡಿದ್ದಿಷ್ಟು. ಶನಿವಾರ ಬೆಳಿಗ್ಗೆ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು, ಬರೆಯಲು ಬಾರದವರಿಗೆ ಉಳಿತಾಯ ಖಾತೆಯ ಚೀಟಿ, ಆರ್.ಡಿ. ಚೀಟಿ, ಮನಿಯಾರ್ಡರು ತುಂಬಿಕೊಡುವುದು. ಕಾಮರ್ಸು ಓದಿದ್ದು ಇದಕ್ಕಾದರೂ ಬಂತು. ಮೊದಲ ಶನಿವಾರ ಮೂರು ಜನ ಇದ್ದೆವು, ಎರಡನೆಯದಕ್ಕೆ ಇಬ್ಬರೇ. ಒಬ್ಬ ಅಜ್ಜಿ ಚೀಟಿ ತುಂಬಿಸಿಕೊಂಡು ಸೆರಗಿನ ಗಂಟು ಬಿಚ್ಚಿ ‘ಎಷ್ಟು ಕೊಡ್ಬೇಕಪ್ಪಾ?’ ಅಂದಳು. ಏನೂ ಬೇಡ ಅಂದರೆ ನಂಬಲಿಲ್ಲ. ‘ಯಾವ ಪಾರ್ಟಿಯೋರು ನೀವು?’ ಅಂತ ಕೇಳಿದಳು. ಮೂರನೇ ವಾರ ಅವಳೇ ಪಕ್ಕದ ಮನೆಯವಳನ್ನು ಕರಕೊಂಡು ಬಂದಳು. ನಾಲ್ಕನೇ ವಾರ, ಮೊದಲೆಲ್ಲ ದೂರ ನಿಂತು ನೋಡುತ್ತಿದ್ದ ಬಿ.ಎ.ದ ಹುಡುಗನೊಬ್ಬ ಬಂದು ಕಟ್ಟೆಯ ತುದಿಯಲ್ಲಿ ಕೂತ. ಅವನ ಕೈಗೆ ನಾನು ಪೆನ್ನು ಕೊಟ್ಟೆ. ಹೆಸರು ಕೇಳಿದ್ದು ಆಮೇಲೆ.

ರಿಜಿಸ್ಟರಿನಲ್ಲಿ ನಾವು ಈಗಲೂ 62. ಕಟ್ಟೆಯ ಮೇಲೆ ಹೋದ ಶನಿವಾರ ಆರು ಜನ ಇದ್ದೆವು, ಅವರಲ್ಲಿ ಇಬ್ಬರ ಹೆಸರು ರಿಜಿಸ್ಟರಿನಲ್ಲಿ ಇಲ್ಲ. ಕಲ್ಕತ್ತೆಗೆ ಫೋನು ಮಾಡಿ ಹೇಳಿದಾಗ ಚಿಕ್ಕಪ್ಪ, ‘ಟೀ ಲೆಕ್ಕ ಎಷ್ಟು?’ ಅಂದರು.

ಬರುವ ಶನಿವಾರವೂ ಹತ್ತು ಗಂಟೆಗೆ ಅಲ್ಲೇ ಇರುತ್ತೇವೆ. ಬರುವವರು ಒಂದು ಪೆನ್ನು ತನ್ನಿ, ನಮ್ಮಲ್ಲಿ ಎರಡೇ ಇವೆ.