ನಾನಾ ಪೇಟೆಯಲ್ಲಿ ಸಿಕ್ಕ ಟಾಟಾ ಮೊಬೈಲ್

ಕಳೆದ ತಿಂಗಳು ಒಂದು ಶನಿವಾರ ಸ್ಕೂಟರಿನ ಬ್ರೇಕ್ ಕೇಬಲ್ ತರೋಣವೆಂದು ಪುಣೆಯ ನಾನಾ ಪೇಟೆಗೆ ಹೋಗಿದ್ದೆ. ಬಿಡಿಭಾಗದ ಅಂಗಡಿಗಳ ಆ ಓಣಿಗಳನ್ನು ಕಂಡವರಿಗೆ ಗೊತ್ತು, ಅಲ್ಲಿ ನಡೆದು ಹೋಗುವವನೇ ಜಾಣ. ಒಂದು ರಿಕ್ಷಾದ ಹಿಂದೆ ಸಿಕ್ಕಿಕೊಂಡು ನಿಂತಿದ್ದಾಗ ಬಲಗಡೆಯಿಂದ ಡೀಸೆಲ್ ಎಂಜಿನ್ನಿನ ಸದ್ದು ಬಂತು. ತಿರುಗಿ ನೋಡುವ ಮೊದಲೇ ಗೊತ್ತಾಯಿತು, ಟಾಟಾ ಮೊಬೈಲ್.

ಈಗ ಮೊಬೈಲ್ ಅಂದರೆ ಜೇಬಿನಲ್ಲಿರುವ ವಸ್ತು. ತೊಂಬತ್ತರ ದಶಕದ ನಮ್ಮ ಸಂಕೇಶ್ವರದಲ್ಲಿ "ಮೊಬೈಲ್ ಎಲ್ಲಿ ನಿಂದರ್ಸೀರಿ?" ಎಂದು ಯಾರಾದರೂ ಕೇಳಿದರೆ ಅದು ಅಪ್ಪನ ಗಾಡಿಯ ವಿಚಾರ. ಟೆಲ್ಕೋ 1988ರಲ್ಲಿ ಹೊರತಂದ ಪಿಕಪ್ ಅದು. ಕಂಪನಿಗೆ ಟಾಟಾ ಮೋಟರ್ಸ್ ಎಂಬ ಹೆಸರು ಬಂದದ್ದು 2003ರಲ್ಲಿ. ಉದ್ದ ಮೂತಿ, ಚೌಕ ದೀಪಗಳು, ಕಾರಿನಂಥ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. 1991ರ ಸಿಯೆರಾ, 1992ರ ಎಸ್ಟೇಟ್ ಎರಡೂ ಇದರ ಬುಡದ ಮೇಲೆ ಕಟ್ಟಿದವು. ಇಂದು ಹಳೆಯ ಸಿಯೆರಾ ಕಂಡರೆ ಜನ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದರ ಅಣ್ಣ ಪಕ್ಕದಲ್ಲೇ ಸಿಮೆಂಟ್ ಚೀಲ ಹೊತ್ತು ನಿಂತಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೀಗೆ ಮರೆತುಹೋದ ಗಾಡಿಗಳು ಬೇಕಾದಷ್ಟಿವೆ. ಹೈದರಾಬಾದಿನ ಓದುಗರಿಗೆ ಆಲ್ವಿನ್ ನಿಸ್ಸಾನ್ ನೆನಪಿರಬಹುದು. ಡಿಸಿಎಂ ಟೊಯೋಟ ಹೋಗಿ ಎಷ್ಟೋ ಕಾಲವಾದರೂ ಉತ್ತರದ ಕಡೆ ಯಾವ ಮಧ್ಯಮ ಲಾರಿ ಕಂಡರೂ ಜನ ಡಿಸಿಎಂ ಅಂತಲೇ ಕರೆಯುತ್ತಾರೆ. ದೆಹಲಿಯವರಿಗಂತೂ ಇಂಥದ್ದನ್ನು ನೋಡುವ ಯೋಗ ಕಡಿಮೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು.

ನಾನಾ ಪೇಟೆಯ ಗಾಡಿಯ ಹಳದಿ ಫಲಕದ ಮೇಲೆ ಎಂಎಚ್ 12 ಎಂದಿತ್ತು. ನಮ್ಮದು ಕೆಎ 23, ಚಿಕ್ಕೋಡಿ ನೋಂದಣಿ. ನಮ್ಮದಲ್ಲವೆಂದು ಒಂದೇ ನೋಟಕ್ಕೆ ಗೊತ್ತಾಗಿದ್ದರೂ ಸ್ಕೂಟರ್ ನಿಲ್ಲಿಸಿ ಅದರ ಎಡಗಡೆ ಹೋಗಿ ತೊಟ್ಟಿಯ ಮೂಲೆ ನೋಡಿದೆ. ನಮ್ಮ ಗಾಡಿಗೆ ಅಲ್ಲೊಂದು ತಗ್ಗು ಬಿದ್ದಿತ್ತು. ತವಂದಿ ಘಾಟಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ತಾಗಿ ಆದದ್ದು. ಅಪ್ಪ ಅದನ್ನು ಕೊನೆತನಕ ತೆಗೆಸಲಿಲ್ಲ.

ಅವರು ಅದರಲ್ಲಿ ಸಂಕೇಶ್ವರದ ಮೆಣಸಿನಕಾಯಿ ಹೇರಿಕೊಂಡು ಕೊಲ್ಹಾಪುರದ ಪೇಟೆಗೆ ಹೋಗುತ್ತಿದ್ದರು. ರಜೆಯಲ್ಲಿ ನಾನೂ ಹತ್ತುತ್ತಿದ್ದೆ. ಕಿಟಕಿ ತೆರೆದರೂ ಘಾಟು ಹೋಗುತ್ತಿರಲಿಲ್ಲ, ಸೀನುತ್ತಲೇ ನಿಪ್ಪಾಣಿ ದಾಟುತ್ತಿದ್ದೆವು.

2007ರಲ್ಲಿ ಅದನ್ನು ಮಾರಿಸಿದವನು ನಾನು. ಪುಣೆಯಲ್ಲಿ ನೌಕರಿ ಹಿಡಿದು ಎರಡು ವರ್ಷವಾಗಿತ್ತು. ಟಾಟಾ ಏಸ್ ಬಂದು ಅಷ್ಟೇ ಆಗಿತ್ತು, ಎಲ್ಲೆಲ್ಲೂ ಛೋಟಾ ಹಾಥಿ. ಡೀಸೆಲ್ ಖರ್ಚು, ರಿಪೇರಿ, ಸಾಲದ ಕಂತು ಎಲ್ಲ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅಪ್ಪ ಪೂರ್ತಿ ಕೇಳಿ "ನೀ ಓದಿದಾಂವ, ನಿನಗ ತಿಳೀತೈತಿ" ಅಂದರು. ಲೆಕ್ಕ ತಪ್ಪಿರಲಿಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಹೊಸ ಗಾಡಿಯನ್ನು ಅವರು ಹೊಡೆದದ್ದು ಆರೇ ತಿಂಗಳು. ಆಮೇಲೆ ಕೀಲಿಯನ್ನು ಡ್ರೈವರಿಗೆ ಕೊಟ್ಟು ಮನೆಯಲ್ಲಿ ಕೂತರು. ಮೊಣಕಾಲು ನೋವೆಂದರು. ನಾನೂ ನಂಬಿದೆ, ನಂಬುವುದು ಸುಲಭವಿತ್ತು.

ಗಾಡಿಯ ಮಾಲೀಕರು ಎಪ್ಪತ್ತರ ಆಸುಪಾಸಿನವರು. ನಾನು ಸುತ್ತು ಹಾಕುವುದನ್ನು ನೋಡಿ ಮರಾಠಿಯಲ್ಲಿ, ಕೊಳ್ಳುತ್ತೀಯೇನು ಎಂದು ಕೇಳಿದರು. ಇಲ್ಲ ಕಾಕಾ, ನಮ್ಮ ಮನೆಯಲ್ಲೂ ಇತ್ತು ಎಂದೆ. ಅವರ ಮುಖ ಅರಳಿತು. ವರ್ಷಾವರ್ಷ ಫಿಟ್‌ನೆಸ್ ಮಾಡಿಸಬೇಕು, 2022ರಿಂದ ಹಳೆ ಗಾಡಿಗೆ ಶುಲ್ಕ ಬೇರೆ ಏರಿದೆ, ಮಗ ಗುಜರಿಗೆ ಹಾಕು ಅನ್ನುತ್ತಾನೆ ಎಂದರು. ಮಗ ಏನು ಮಾಡುತ್ತಾನೆಂದು ನಾನು ಕೇಳಲಿಲ್ಲ.

"ಎಲ್ಲಿ ಹುಟ್ಟಿದ್ದು ಗೊತ್ತಾ ಇದು? ಇಲ್ಲೇ, ನಮ್ಮ ಪಿಂಪರಿಯಲ್ಲಿ" ಎಂದು ಬಾನೆಟ್ ತಟ್ಟಿದರು. ಆ ಕಾರ್ಖಾನೆಯ ಗೋಡೆಯ ಪಕ್ಕದಿಂದಲೇ ನಾನು ದಿನಾ ಕೆಲಸಕ್ಕೆ ಹೋಗುತ್ತೇನೆ. ನಮ್ಮ ಗಾಡಿಯೂ ಇದೇ ಊರಿನದೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ.

ಕೇಳಿಕೊಂಡದ್ದಕ್ಕೆ ಅವರು ಎಂಜಿನ್ ಚಾಲೂ ಮಾಡಿ ನಿಲ್ಲಿಸಿದರು. ಅರ್ಧ ನಿಮಿಷದ ವಿಡಿಯೋ ಮಾಡಿ ಅಪ್ಪನಿಗೆ ಕಳಿಸಿದೆ. ಅಷ್ಟರಲ್ಲಿ ಹಿಂದಿನವರ ಹಾರ್ನ್ ಶುರುವಾಯಿತು. ಕಾಕಾ ಕೈ ಬೀಸಿ ಹೊರಟರು, ನಾನು ಕೇಬಲ್ ಅಂಗಡಿ ಹುಡುಕಿಕೊಂಡು ಹೋದೆ.

ಅಪ್ಪನ ಉತ್ತರ ಸಂಜೆ ಬಂತು, ಧ್ವನಿ ಸಂದೇಶ. ಯಾರ ಗಾಡಿ, ಎಲ್ಲಿ ಸಿಕ್ಕಿತು, ಯಾವುದನ್ನೂ ಕೇಳಿರಲಿಲ್ಲ.

"ಮೂರು ಸಲ ಕೇಳಿದ್ನಿ. ಟ್ಯಾಪೆಟ್ ಸಡಲ ಆಗ್ಯಾವ. ಆ ಮನಶ್ಯಾ ಮತ್ತ ಸಿಕ್ರ ಹೇಳು, ಲಗೂನ ಸೆಟ್ ಮಾಡ್ಸು ಅಂತ."