ಗೆರೆ ಬೀಳದ ಪ್ಯಾರಾ

ವರ್ಡ್‌ನಲ್ಲಿ ತೆರೆದ ಪುಟದಲ್ಲಿ ಕೆಂಪು, ನೀಲಿ ಗೆರೆ ಒಂದೂ ಕಾಣದಿದ್ದರೆ ತಪ್ಪಿಲ್ಲವೆಂದು ನಂಬಿ ಪ್ರಿಂಟ್ ಕೊಟ್ಟುಬಿಡುತ್ತೇವೆ. ಆ ಭಾಗವನ್ನು ವರ್ಡ್ ಓದಿಯೇ ಇರಲಿಕ್ಕಿಲ್ಲ ಎಂಬುದು ತಲೆಗೆ ಹೊಳೆಯುವುದಿಲ್ಲ. ಸಂಶೋಧನಾ ಪ್ರಬಂಧಗಳ ಕರಡು ತಿದ್ದುವ ನನಗೆ ಇದು ಪದೇ ಪದೇ ಎದುರಾಗುತ್ತದೆ. ಮುಖ್ಯ ಬರಹದಲ್ಲಿ ಸಣ್ಣ ತಪ್ಪಿಗೂ ಗೆರೆ ಎಳೆಯುವ ವರ್ಡ್, ಒಳಸರಿಸಿದ ಇಂಗ್ಲಿಷ್ ಉದ್ಧರಣೆಯಲ್ಲಿ ‘ದೇ ವಾಸ್’ ಎಂದಿದ್ದರೂ ಸುಮ್ಮನೆ ದಾಟಿಹೋಗುತ್ತದೆ.

ಇದು ತಂತ್ರಾಂಶದ ಸೋಮಾರಿತನವಲ್ಲ. ಬೋಲ್ಡ್, ಇಟಾಲಿಕ್‌ನಂತೆಯೇ ಭಾಷೆ ಯಾವುದೆಂಬುದೂ, ತಪ್ಪು ಹುಡುಕಬೇಕೋ ಬೇಡವೋ ಎಂಬುದೂ ಅಕ್ಷರಕ್ಕೆ ಅಂಟಿದ ಫಾರ್ಮ್ಯಾಟಿಂಗ್. ಯಾರೋ ಒಮ್ಮೆ ‘ನೋಡಬೇಡ’ ಎಂದು ಗುರುತು ಹಾಕಿರುತ್ತಾರೆ. ಅದು ಸ್ಟೈಲ್‌ನಲ್ಲಿ ಸೇರಿಕೊಂಡರೆ, ಆ ಸ್ಟೈಲ್ ಹಚ್ಚಿದ ಪ್ಯಾರಾಗಳೆಲ್ಲ ತಪಾಸಣೆಯಿಂದ ಹೊರಗುಳಿಯುತ್ತವೆ.

ನಮ್ಮಲ್ಲಿ ಆ ಗುರುತು ಬೀಳುವುದಕ್ಕೆ ನಮ್ಮದೇ ಕಾರಣವಿದೆ. ಕನ್ನಡ ಟೈಪಿಂಗ್‌ಗೆ ಬಳಸುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಕಡತದ ಒಳಗಿರುವುದು ಲ್ಯಾಟಿನ್ ಅಕ್ಷರಗಳು. ‘ನ’ ಎಂದು ಕಾಣುವಲ್ಲಿ ನಿಜಕ್ಕೂ ಕೂತಿರುವುದು ಬ್ರಿಟಿಷ್ ಪೌಂಡಿನ ಚಿಹ್ನೆ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ‘ಎ’. ವರ್ಡ್ ಅದನ್ನು ಇಂಗ್ಲಿಷ್ ಎಂದೇ ಓದಿ ಪುಟವಿಡೀ ಕೆಂಪು ಮಾಡುತ್ತದೆ. ಕಣ್ಣಿಗೆ ಹಿಂಸೆ, ಡಿಟಿಪಿಯವರು ಆ ಬರಹದ ಸ್ಟೈಲ್‌ನಲ್ಲಿ ತಪಾಸಣೆಯನ್ನೇ ನಿಲ್ಲಿಸುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ. ಆಮೇಲೆ ಅದೇ ಸ್ಟೈಲ್‌ನಲ್ಲಿ ಫಾಂಟ್ ಮಾತ್ರ ಬದಲಾಯಿಸಿ ಇಂಗ್ಲಿಷ್ ಸಾರಾಂಶ ಟೈಪು ಮಾಡಿದಾಗ ತೊಂದರೆ ಶುರುವಾಗುತ್ತದೆ. ಮೌಲ್ಯಮಾಪಕರು ಮೊದಲು ಓದುವುದೇ ಆ ಸಾರಾಂಶವನ್ನು. ವರ್ಷಗಟ್ಟಲೆ ದುಡಿದ ವಿದ್ಯಾರ್ಥಿಯ ಬಗ್ಗೆ ಅಲ್ಲೇ ಒಂದು ಅಭಿಪ್ರಾಯ ಮೂಡಿಬಿಡುತ್ತದಲ್ಲ, ಸಂಕಟವಾಗುತ್ತದೆ.

ಅನುಮಾನ ಬಂದ ಪ್ಯಾರಾದೊಳಗೆ ಬೇಕೆಂದೇ ಒಂದು ತಪ್ಪು ಪದ ಟೈಪು ಮಾಡಿ ನೋಡುತ್ತೇನೆ. ಗೆರೆ ಬೀಳದಿದ್ದರೆ ಪ್ಯಾರಾ ಆಯ್ದು, ರಿವ್ಯೂ ಟ್ಯಾಬಿನ ಲ್ಯಾಂಗ್ವೇಜ್‌ನಲ್ಲಿ ‘ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್’ ತೆರೆಯುತ್ತೇನೆ. ‘ಡು ನಾಟ್ ಚೆಕ್ ಸ್ಪೆಲ್ಲಿಂಗ್ ಆರ್ ಗ್ರಾಮರ್’ ಎಂಬಲ್ಲಿ ಟಿಕ್ ಇದ್ದರೆ ತೆಗೆದು, ಭಾಷೆ ಇಂಗ್ಲಿಷ್ ಆಗಿದೆಯೇ ಎಂದು ನೋಡಬೇಕು. ಇದೇ ಬದಲಾವಣೆಯನ್ನು ಸ್ಟೈಲ್‌ನಲ್ಲೂ ಮಾಡದಿದ್ದರೆ ಮುಂದಿನ ಅಧ್ಯಾಯದಲ್ಲಿ ಮತ್ತೆ ಅದೇ ಕಥೆ. ಕಂಟ್ರೋಲ್-ಎ ಒತ್ತಿ ಎಲ್ಲವನ್ನೂ ಒಂದೇ ಏಟಿಗೆ ಸರಿಪಡಿಸೋಣ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ನುಡಿಯ ಪುಟಗಳು ಮತ್ತೆ ಕೆಂಪಾಗುತ್ತವೆ. ಮೇಲಾಗಿ ಅಡಿಟಿಪ್ಪಣಿಗಳು ಆ ಆಯ್ಕೆಗೆ ಸಿಗುವುದೇ ಇಲ್ಲ. ಅವುಗಳೊಳಗೆ ಕರ್ಸರ್ ಇಟ್ಟು ಬೇರೆಯಾಗಿ ಆಯ್ದುಕೊಳ್ಳಬೇಕು.

ನುಡಿಯ ಭಾಗವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ವರ್ಡ್‌ಗೂ ಅದು ಕನ್ನಡವೆಂದೇ ಗೊತ್ತಾಗುತ್ತದೆ, ತಪಾಸಣೆ ನಿಲ್ಲಿಸುವ ಅಗತ್ಯವೇ ಬೀಳದು. ಅಷ್ಟಕ್ಕೆ ಪುರುಸೊತ್ತಿಲ್ಲದಿದ್ದರೆ ಡಿಟಿಪಿ ಗೆಳೆಯರು ನುಡಿಗೆಂದೇ ಬೇರೆ ಸ್ಟೈಲ್ ಮಾಡಿ, ಅದರಲ್ಲಿ ಮಾತ್ರ ತಪಾಸಣೆ ನಿಲ್ಲಿಸಿ, ಅದಕ್ಕೆ ‘ನುಡಿ’ ಎಂದೇ ಹೆಸರಿಟ್ಟುಬಿಡಲಿ. ಕಡತ ಮುಂದೆ ಯಾರ ಕೈಗೆ ಹೋದರೂ ವರ್ಡ್ ಓದದೆ ಬಿಟ್ಟದ್ದು ಯಾವ ಭಾಗ ಎಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ.